ಬರೆದ ಹಾಗೆ ಓದುವವನು

ಅಂಚೆಡಬ್ಬಿಯ ಬಾಗಿಲು ತೆಗೆಯುವ ಮೊದಲೇ ಪ್ರಭುದೇವನ ತಲೆ ಕಾದಿತ್ತು. ಬುಧವಾರ, ಆ ಜರ್ಮನ್ ವಾರಪತ್ರಿಕೆಯ ಪುಸ್ತಕ ಬರುವ ದಿನ. ಹಲ್ಲಿನ ಡಾಕ್ಟರರ ಜಾಹೀರಾತು, ನಿಮ್ಮ ಮನೆ ಕೊಳ್ಳುತ್ತೇವೆಂದು ಯಾರೋ ಅಚ್ಚು ಹಾಕಿಸಿ ಕಳಿಸಿದ ಚೀಟಿ, ಇವುಗಳ ನಡುವೆ ಅದು ತೆಳ್ಳನೆಯ ಪ್ಲಾಸ್ಟಿಕ್ ಹೊದ್ದುಕೊಂಡು, ಜರ್ಮನಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಎರಡು ವಾರ ಹಳಸಿ, ಏನೂ ಆಗಿಲ್ಲವೆಂಬಂತೆ ಮಿಂಚುತ್ತ ಮಲಗಿತ್ತು. ಮುಖಪುಟದ ತುಂಬ ಒಬ್ಬಳು ರಾಣಿ. ಯಾವ ದೇಶದವಳೋ, ಆ ದೇಶದಲ್ಲಿ ಇನ್ನೂ ರಾಣಿಯರು ಯಾಕಿದ್ದಾರೋ, ಇದ್ದು ಅತ್ತರೂ ಅದರಿಂದ ಅಮೆರಿಕದ ಕೆನ್ಮೋರಿನಲ್ಲಿ ಕುರ್ಚಿ ಹಿಡಿದು ಕೂತ ಎರ್ನಾ ಎಂಬ ಮುದುಕಿಗೆ ಏನಾಗಬೇಕೋ, ಪ್ರತಿ ವಾರವೂ ಕೇಳಿಕೊಳ್ಳುತ್ತಿದ್ದ, ಪ್ರತಿ ವಾರವೂ ಉತ್ತರ ಸಿಗುತ್ತಿರಲಿಲ್ಲ. ಹಳದಿ ಅಕ್ಷರ, ಕೆಂಪು ಅಕ್ಷರ, ಒಂದೊಂದು ಸಾಲಿನ ತುದಿಗೂ ಒಂದು ಆಶ್ಚರ್ಯಸೂಚಕ ಚಿಹ್ನೆ. ನಿಬಂಧದಲ್ಲಿ ಇಷ್ಟು ಹಾಕಿದ್ದರೆ ಗದಗಿನ ಕನ್ನಡ ಮಾಸ್ತರು ಬೆರಳಿನ ಗೆಣ್ಣಿಗೆ ಬಾರಿಸುತ್ತಿದ್ದರು. ಅವನು ಕೆಳಗಿನ ಎಡ ಮೂಲೆ ನೋಡಿದ. ಇತ್ತು. ಬೆಂಕಿಪೊಟ್ಟಣದಷ್ಟು ಫೋಟೋ, ಸುತ್ತ ಕರಿ ಗೆರೆ. ಬಿಳಿ ಕೋಟು, ಬಿಳಿ ಕೂದಲು, ಕೈಯಲ್ಲಿ ಮೈಕು. ಬೆಳಿಗ್ಗೆ ಕಾಕು ಹೇಳಿದ್ದು ಸುಳ್ಳಾಗಲಿ ಎಂದು ತಾನು ಇಷ್ಟು ಹೊತ್ತು ಒಳಗೊಳಗೇ ಆಸೆಪಟ್ಟಿದ್ದೆ ಎಂಬುದು ಆಗ ಗೊತ್ತಾಗಿ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಯಾವನೋ ಹಾಡುವವನು, ಯಾವುದೋ ಊರಲ್ಲಿ ಸತ್ತರೆ, ತನಗೇನಾಗಬೇಕು? ಸರೋವರದ ಕಡೆಯಿಂದ ನೀರಿನ ಮೇಲಿಳಿಯುವ ಪುಟ್ಟ ವಿಮಾನವೊಂದು ಮಾಡುಗಳಿಗೆ ತಾಗುವಷ್ಟು ಕೆಳಗೆ ಗೊರಗುಟ್ಟುತ್ತ ಹೋಯಿತು. ಅದಕ್ಕೂ ಒಂದು ಬೈದ.

ಕಾಕಾನ ಹೆಂಡತಿ, ಕಾಕು ವೈಶಾಲಿ, ಬೆಳಿಗ್ಗೆ ಗಂಜಿಯ ಪಾತ್ರೆಯ ಮುಂದೆ ನಿಂತು, ಬೆನ್ನು ತಿರುಗಿಸದೆಯೇ, ಹಾಲು ಕಡಿಮೆಯಾಗಿದೆ ಎನ್ನುವ ದನಿಯಲ್ಲಿ ಹೇಳಿದ್ದಳು.

"ಪ್ರಭ್ಯಾ, ಇಲ್ಲಿ ಕೇಳು. ರಾಬರ್ಟ್ ಫೋನ್ ಮಾಡಿದ್ದ. ಆ ಹಾಡಾಂವ ಹೋಗ್ಯಾನಂತ."

"ಯಾವಾಂವ?"

"ಅವನ ನೋಡು, ಎರ್ನಾನ ಯೋಹೆನ್. ಎರಡು ವಾರದ ಮ್ಯಾಲ ಆತಂತ. ಈ ಆಯ್ತವಾರ ಆಕೀ ಬರ್ತ್‌ಡೇ, ಮೊಮ್ಮಕ್ಕಳು ಪೋರ್ಟ್‌ಲ್ಯಾಂಡಿನಿಂದ ಬರಾವ್ರದಾರ. ಅಲ್ಲೀತನಕ ಆಕೀಗೆ ಗೊತ್ತಾಗಬಾರದು. ಸೋಮವಾರ ಬಂದು ತಾನ ಹೇಳ್ತೀನಿ ಅಂದಾನ ಮಗ."

"ಪುಸ್ತಕ ಇವತ್ತ ಬರ್ತೈತಲ್ಲ?"

"ಬರ್ಲಿ. ಆಂವನ ಫೋಟೋ ಇದ್ದ ಪುಟ ಬಿಟ್ಟು ಓದು."

"ನಂಗೇನು ಅದರಾಗಿಂದು ತಿಳೀತೈತೇನು, ಯಾವುದು ಬಿಡೂದು ಯಾವುದು ಓದೂದು ಅಂತ? ಹಳೇ ಪುಸ್ತಕ ಓದ್ಲೇನು?"

"ಆಕಿ ಹಿಡೀತಾಳ. ನಿನಗಿಂತ ಆಕೀ ತಲಿ ಚುರುಕೈತಿ." ಕಾಕು ಆಗ ತಿರುಗಿದಳು, ಸೌಟು ಹಿಡಿದೇ. "ಫೋಟೋ ನೋಡಾಕ ಬರ್ತೈತಿಲ್ಲೋ ನಿನಗ? ಅಷ್ಟ ಸಾಕು."

ಫೋಟೋ ನೋಡಲು ಬರುತ್ತದೆ. ಹತ್ತನೆಯ ಇಯತ್ತೆಯಲ್ಲಿ ಇಂಗ್ಲಿಷಿನಲ್ಲಿ ನಪಾಸಾಗಿ ಶಾಲೆ ಬಿಟ್ಟು, ನಾಲ್ಕು ವರ್ಷ ಗದಗಿನಲ್ಲಿ ಸುಟ್ಟ ಪಂಪ್‌ಸೆಟ್ಟುಗಳಿಗೆ ತಂತಿ ಸುತ್ತಿದವನಿಗೆ, ಚಿಕ್ಕವನಿದ್ದಾಗ ಅಪ್ಪನ ತಮ್ಮ ಕಾಕಾ ಹಾಕಿದ್ದ ವಲಸೆಯ ಅರ್ಜಿಯ ಪುಣ್ಯದಿಂದ ಅಪ್ಪ-ಅವ್ವನ ಹಿಂದೆ ಬಾಲದಂತೆ ಈ ದೇಶಕ್ಕೆ ಬಂದು ಬಿದ್ದವನಿಗೆ, ಫೋಟೋ ನೋಡಲು ಬರುತ್ತದೆ. ಈ ಮನೆ ಕಾಕುವಿನದು. ಹೊರಗಿನಿಂದ ನೋಡಿದರೆ ಬೀದಿಯ ಉಳಿದ ಮನೆಗಳ ಹಾಗೆಯೇ ಹುಲ್ಲು, ಗ್ಯಾರೇಜು. ಒಳಗೆ ಆರು ಕೋಣೆ, ಆರು ಮುದುಕರು, ಬಾಗಿಲಿಗೊಂದು ಗಂಟೆ. ಅವರಿಗೆ ಉಣ್ಣಿಸುವುದು, ತೊಳೆಯುವುದು, ಎಬ್ಬಿಸಿ ಕೂರಿಸುವುದು ಅವನ ಕೆಲಸ. ಅದರಲ್ಲಿ ಅವನಿಗೆ ಹೇಸಿಗೆ ಇರಲಿಲ್ಲ, ಸುಟ್ಟ ಮೋಟಾರಿನ ವಾಸನೆಗಿಂತ ಮನುಷ್ಯನ ವಾಸನೆ ಕೆಟ್ಟದ್ದೇನಲ್ಲ. ಹೇಸಿಗೆ ಇದ್ದದ್ದು ಕಾಕುವಿನ ಆ ದನಿಯ ಬಗ್ಗೆ. ನಿನ್ನ ಕೈಲಿ ಇಷ್ಟೇ ಆಗುತ್ತದೆ, ಇಷ್ಟಾದರೂ ಸರಿಯಾಗಿ ಮಾಡು ಎನ್ನುವ ದನಿ. ಅದರಲ್ಲಿ ದ್ವೇಷವೂ ಇರಲಿಲ್ಲ, ಇದ್ದಿದ್ದರೆ ತಿರುಗಿ ಬೀಳಬಹುದಿತ್ತು.

ಓದುವುದು ಮಾತ್ರ ಅವನೇ ಗಳಿಸಿಕೊಂಡದ್ದು. ಒಂಬತ್ತನೆಯ ಇಯತ್ತೆಯಲ್ಲಿ ಇಂಗ್ಲಿಷ್ ಸರ್ ಅವನನ್ನು ಎಬ್ಬಿಸಿ ನಿಲ್ಲಿಸಿದಾಗ ಅವನು ಬರೆದದ್ದನ್ನು ಬರೆದ ಹಾಗೆಯೇ ಓದಿದ್ದ: ವೆಡ್ನೆಸ್‌ಡೇ. ಕ್ನೈಫ್. ಐಸ್‌ಲ್ಯಾಂಡ್ ಎಂದು ಓದಿದ್ದು ದ್ವೀಪವಂತೆ, ಅದರಲ್ಲಿ ಎಸ್ ಇದ್ದೂ ಇಲ್ಲವಂತೆ. ಐವತ್ತಮೂರು ಜನ ನಕ್ಕರು. ಸರ್ ನಗುತ್ತ, ಮತ್ತೊಮ್ಮೆ ಓದಪ್ಪ ಧಣಿ, ಎಂದರು. ಬರೆದಿದ್ದರೆ ಓದಬೇಕು, ಓದಬಾರದೆಂದಿದ್ದರೆ ಬರೆಯಬಾರದು. ಇದರಲ್ಲಿ ನಗುವಂಥದ್ದು ಏನಿದೆ ಎಂದು ಅವನಿಗೆ ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ. ಇಲ್ಲಿಗೆ ಬಂದ ಮೇಲೂ ಕಾಕಾನ ಮಗಳು ಸ್ವಪ್ನಾ, ಔಷಧಿ ಡಬ್ಬಿಯ ಮೇಲಿನ ವಾರದ ಹೆಸರುಗಳನ್ನು ಅವನು ಓದುವುದನ್ನು ಕೇಳಿ, ಗೆಳತಿಯರ ಮುಂದೆ ಅವನಿಂದ ಎರಡು ಸಲ ಓದಿಸಿ, "ಸೋ ಕ್ಯೂಟ್" ಅಂದಿದ್ದಳು. ಹೋದ ವರ್ಷ ಒಂದು ದಿನ ಎರ್ನಾ ಆ ಪುಸ್ತಕವನ್ನು ಅವನ ಎದೆಗೆ ತಳ್ಳಿ ನೀನು ಓದು ಎಂದಾಗ ಅವನಿಗೆ ಮೊದಲು ನೆನಪಾದದ್ದು ಆ ಐವತ್ತಮೂರು ಜನ. ಅವಳ ಕಣ್ಣುಗಳ ನಡುಭಾಗ ಅಳಿಸಿಹೋಗಿತ್ತು. ಬದಿಗಳಲ್ಲಿ ಮಾತ್ರ ಕಾಣುತ್ತಿತ್ತು, ಅದಕ್ಕೇ ಅವಳು ಯಾರನ್ನೇ ನೋಡಬೇಕಾದರೂ ಅವರ ಕಿವಿಯ ಪಕ್ಕದಲ್ಲಿ ನಿಂತ ಇನ್ನೊಬ್ಬರನ್ನು ನೋಡುವಂತೆ ನೋಡುತ್ತಿದ್ದಳು. ಮಗ ರಾಬರ್ಟ್ ಫೋನಿನಲ್ಲಿ ಓದಿಸುವ ವ್ಯವಸ್ಥೆ ಮಾಡಿಕೊಟ್ಟಿದ್ದ. ಎರ್ನಾ ಎರಡು ವಾರ ಕೇಳಿ, ಇವಳು ರೈಲ್ವೆ ಸ್ಟೇಷನ್ನಿನ ಹೆಂಗಸು, ನನಗೆ ರೈಲು ಹಿಡಿಯುವುದಿಲ್ಲ, ಎಂದು ಫೋನನ್ನು ದಿಂಬಿನ ಕೆಳಗೆ ಹಾಕಿದ್ದಳು.

"ನನಗೆ ಜರ್ಮನ್ ಬರಲ್ಲ, ಮಿಸ್ ಎರ್ನಾ."

"ಅಕ್ಷರ ಬರುತ್ತದಲ್ಲ?"

ಮೊಣಕಾಲು ನೋವಿನ ಬಗ್ಗೆ ಯಾವನೋ ವೈದ್ಯ ಬರೆದ ಪುಟ. ಮೊದಲ ಶಬ್ದದಲ್ಲೇ ಕೆ, ಅದರ ಮಗ್ಗುಲಲ್ಲೇ ಎನ್. ಸುಡುಗಾಡಿಗೆ ಹೋಗಲಿ ಎಂದುಕೊಂಡು ಬರೆದ ಹಾಗೆಯೇ ಓದಿದ: ಕ್ನೀ. ನಗುವಿಗೆ ಕಾದ. ಎರ್ನಾ ಅವನ ಕಿವಿಯ ಪಕ್ಕ ನೋಡುತ್ತ, "ಗೂಟ್," ಅಂದಳು. ಒಳ್ಳೆಯದು ಎಂದು ಅರ್ಥವಂತೆ. ಊರಲ್ಲಿ ಎಮ್ಮೆ ಕಟ್ಟುವ ಗೂಟ ಕಣ್ಣ ಮುಂದೆ ಬಂತು, ಬಂದು ಹೋಯಿತು, ಆದರೆ ಎದೆಯೊಳಗೆ ಏನೋ ಒಂದು ನೆಟ್ಟಗೆ ನಿಂತಿತು. ಡಬ್ಲ್ಯೂ ಅನ್ನು ನಮ್ಮೂರಲ್ಲಿ ಅನ್ನುವ ಹಾಗೆ ವ ಎಂದರೆ ಸಾಕು, ತುಟಿ ಗುಂಡಗೆ ಮಾಡಿ ಗಾಳಿ ಊದಬೇಕಿಲ್ಲ. ಕಡೆಯ ಇ ಕೂಡ ಓದಬೇಕು, ಅಲ್ಲಿ ಸುಮ್ಮನೆ ಕೂತಿರುವುದಿಲ್ಲ. ಅವಳು ಒಂದಷ್ಟು ತಿದ್ದಿದಳು: ಇ ಐ ಬಂದರೆ ಐ, ಝೆಡ್ ಬಂದರೆ ತ್ಸ. ತ್ಸ್ವೆ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲ. ಅವನು ಪೆನ್ಸಿಲಿನಿಂದ ಪುಟದ ಅಂಚಿನಲ್ಲಿ ತದ ಕೆಳಗೆ ಸ, ಸದ ಕೆಳಗೆ ವ ಹಾಕಿ ಒತ್ತಿನ ಮೇಲೆ ಒತ್ತು ಕೊಟ್ಟು ಬರೆದ, ಅದು ಹೇಳಿ ಮಾಡಿಸಿದಂತೆ ಕೂತಿತು. ಈಗ ವಾರಕ್ಕೆ ಒಂದೂವರೆ ತಾಸು ಅವನು ಒಂದು ಶಬ್ದವೂ ಅರ್ಥವಾಗದೆ, ಒಂದು ಅಕ್ಷರವೂ ತಪ್ಪದೆ ಓದುತ್ತಿದ್ದ. ಕಾಕಾ ಈರಬಸಪ್ಪ, ಸೌತ್ ಲೇಕ್ ಯೂನಿಯನ್ನಿನ ಗಾಜಿನ ಆಫೀಸಿನಿಂದ ಸಂಜೆ ಬಂದವನು, ಗಣಪತಿ ಕೂರಿಸಿದ ದಿನ ನೆಂಟರ ಮುಂದೆ ಅವನನ್ನು ನಿಲ್ಲಿಸಿ, "ನಮ್ಮ ಪ್ರಭ್ಯಾ ಜರ್ಮನ್ ಓದ್ತಾನ್ರೀ," ಎಂದು ಓದಿಸಿಯೂ ಓದಿಸಿದ. ಮೈಸೂರಿನ ಚಂದ್ರಮೌಳಿಯವರು ಮೋದಕ ಕೈಯಲ್ಲಿ ಹಿಡಿದು ಕೇಳಿ, "ಅರ್ಥ ಆಗುತ್ತೇನಪ್ಪಾ?" ಅಂದರು. ಇಲ್ಲ ಅಂದ. "ಹಾಗಾದ್ರೆ ನೀನು ಸ್ಪೀಕರ್ ಅಷ್ಟೇ ಅನ್ನು!" ಕೋಣೆಯೆಲ್ಲ ನಕ್ಕಿತು. ಕಾಕಾನೂ ನಕ್ಕ. ಅವತ್ತಿನಿಂದ ಅವನು ಎರ್ನಾಳ ಕೋಣೆಯ ಬಾಗಿಲು ಹಾಕಿಕೊಂಡು ಓದುತ್ತಿದ್ದ.

ಅರ್ಥ ಬೇಡವಾಗಿತ್ತು. ಒಮ್ಮೆ ತಡೆಯಲಾರದೆ ಫೋನಿನಲ್ಲಿ ಒಂದಿಡೀ ಲೇಖನವನ್ನು ಇಂಗ್ಲಿಷ್ ಮಾಡಿಸಿ, ಇಂಗ್ಲಿಷನ್ನು ಕನ್ನಡ ಮಾಡಿಸಿ ನೋಡಿದ್ದ. ತಲೆಬರಹ: ರಾಣಿಯ ಕಣ್ಣೀರಿನ ಗುಟ್ಟು! ಒಳಗೆ ಎರಡು ಪುಟ ತಡಕಿದರೆ, ರಾಣಿಗೆ ನೆಗಡಿಯಾಗಿತ್ತು. ಆ ರಾತ್ರಿ ಅವನು ಉಂಡಿದ್ದು ಮೈಗೆ ಹತ್ತಲಿಲ್ಲ. ಇದನ್ನು ಬರೆದವನಿಗೆ ಸಂಬಳ ಕೊಡುತ್ತಾರೆ, ಇದನ್ನು ವಿಮಾನಕ್ಕೆ ಹಾಕಿ ಸಮುದ್ರ ದಾಟಿಸುತ್ತಾರೆ, ತಾನು ಇದನ್ನು ವಚನ ಓದಿದಂತೆ ಓದುತ್ತೇನೆ. ಆದರೆ ಎರ್ನಾಗೂ ಅದು ಗೊತ್ತಿತ್ತು. ಎಲ್ಲ ಕಸ, ಪ್ರಾಬು, ಎಂದು ಅವಳೇ ಅನ್ನುತ್ತಿದ್ದಳು, ಅನ್ನುತ್ತ ಮುಂದಿನ ಪುಟಕ್ಕೆ ಕೈ ಮಾಡುತ್ತಿದ್ದಳು. ಅವಳದೊಂದು ಕಟ್ಟಳೆ ಇತ್ತು: ಸತ್ತವರ ಪುಟ ಓದಬಾರದು. ಕರಿ ಗೆರೆ ಕಂಡರೆ ಅವನು "ಕರಿ" ಎನ್ನಬೇಕು, ಅವಳು "ದಾಟು" ಎನ್ನುತ್ತಾಳೆ. ಜೀವಂತ ಇರುವವರ ಸುದ್ದಿಗೇ ನನಗೆ ಹೊತ್ತು ಸಾಲದು. ಜೀವಂತ ಇರುವವರು ಎಂದರೆ ಯೋಹೆನ್. ಅವಳ ಊರಿನವನು, ಅವಳ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಅಕಾರ್ಡಿಯನ್ ಹಿಡಿದು ಹಾಡಿದ್ದನಂತೆ, ಅಷ್ಟೇ. ಆಮೇಲೆ ಅವನು ಟೀವಿಗೆ ಹೋದ, ಅವಳು ಅಮೆರಿಕದ ಸಿಪಾಯಿಯನ್ನು ಮಾಡಿಕೊಂಡು ಇಲ್ಲಿಗೆ ಬಂದಳು, ಸಿಪಾಯಿ ಸತ್ತು ಇಪ್ಪತ್ತು ವರ್ಷ. ಪ್ರೀತಿ ಇತ್ತೇ ಎಂದು ಪ್ರಭುದೇವ ಒಮ್ಮೆ ಕೇಳಿದ್ದಕ್ಕೆ, ಥೂ, ಅವನ ಕಾಲು ಡೊಂಕು, ಎಂದಿದ್ದಳು. ವಿಷಯ ಅದಲ್ಲ. ಯೋಹೆನ್ ಅವಳಿಗಿಂತ ಹನ್ನೊಂದು ದಿನ ದೊಡ್ಡವನು. "ಮೊದಲು ಅವನು, ಆಮೇಲೆ ನಾನು," ಎಂದು ಬೆರಳು ಮಡಚಿ ತೋರಿಸಿದ್ದಳು, ಬಸ್ಸಿನ ಸಾಲಿನಲ್ಲಿ ನಿಂತವಳ ಹಾಗೆ. ಎರಡು ವರ್ಷದ ಹಿಂದೆ ಅವನಿಗೆ ಎದೆಯ ಆಪರೇಶನ್ ಆಯಿತೆಂದು ಗೊತ್ತಾದಾಗ ಮೂರು ದಿನ ಒಂದು ಚಮಚ ಗಂಜಿ ಒಳಗೆ ಬಿಡಲಿಲ್ಲವಂತೆ. ಹೋದ ಬುಧವಾರ ಅವನಿಗೆ ಎಂಬತ್ತೇಳು ತುಂಬಿತು. ಎರ್ನಾ ಕೇಕು ತರಿಸಿ, ಪ್ರಭುದೇವನ ಕೈಯಿಂದ ಮೇಣದಬತ್ತಿ ಹಚ್ಚಿಸಿ, ತಾನೇ ಆರಿಸಿದಳು. ಅವನೂ ಒಂದು ತುಂಡು ತಿಂದಿದ್ದ. ಆಗಲೇ ಯೋಹೆನ್ ಮಣ್ಣಿನೊಳಗಿದ್ದ. ಈ ಲೆಕ್ಕ ಈಗ ತಲೆಯಲ್ಲಿ ಕೂಡಿ ಬಂದು ಅವನಿಗೆ ಬಾಯಲ್ಲಿ ಆ ಸಿಹಿ ಮತ್ತೆ ಹತ್ತಿದಂತಾಯಿತು.

"ದಪ್ಪ ಇದೆಯಾ ಈ ಸಲ?" ಎಂದಳು ಎರ್ನಾ, ಬಾಗಿಲು ಸದ್ದಾದದ್ದೇ. ಅವಳ ಇಂಗ್ಲಿಷು ಅರವತ್ತು ವರ್ಷ ಇಲ್ಲಿದ್ದರೂ ಒರಟಾಗಿಯೇ ಉಳಿದಿತ್ತು, ಆ ಒರಟುತನ ಅವನಿಗೆ ಅರ್ಥವಾಗುತ್ತಿತ್ತು.

"ಅಷ್ಟೇ ಇದೆ."

"ಹುಟ್ಟುಹಬ್ಬದ ಫೋಟೋ ಇನ್ನೂ ಬಂದಿರಲಿಕ್ಕಿಲ್ಲ."

"ಇಲ್ಲ." ಇದು ಸುಳ್ಳಲ್ಲ. ಸುಳ್ಳಲ್ಲದ್ದನ್ನು ಹೇಳಿಯೂ ಕಿವಿ ಬಿಸಿಯಾಯಿತು.

ರಾಣಿಯನ್ನು ಓದಿದ. ಅಡುಗೆಮನೆಯಲ್ಲಿ ಜಿಡ್ಡು ತೆಗೆಯುವ ಉಪಾಯ ಓದಿದ. ನಾಲ್ಕನೆಯ ಹಾಳೆ ತಿರುವಿದರೆ ಎರಡೂ ಬದಿ ಕರಿ ಅಂಚು, ಬಿಳಿ ಕೋಟು, ಸಣ್ಣವನಿದ್ದಾಗಿನ ಅಕಾರ್ಡಿಯನ್ನು. ಬೆರಳಿಗೆ ಉಗುಳು ಹಚ್ಚಿ ಎರಡು ಹಾಳೆ ಒಟ್ಟಿಗೆ ದಾಟಿಸಿದ. ಕರಿ ಎನ್ನಬೇಕಿತ್ತು, ಎನ್ನಲಿಲ್ಲ. ಎಂದಿದ್ದರೆ ಅವಳೇ ದಾಟು ಎನ್ನುತ್ತಿದ್ದಳು, ಎಲ್ಲ ಸರಿಹೋಗುತ್ತಿತ್ತು. ಬುದ್ಧಿಗೇಡಿ, ಅಷ್ಟೂ ಹೊಳೆಯಲಿಲ್ಲ. ಹಾಳೆಯ ಸದ್ದು ದಪ್ಪಗೆ ಕೇಳಿಸಿತೇ? ಅವಳ ಮುಖ ನೋಡಿದ. ಕಿಟಕಿಯ ಬೆಳಕು ಅವಳ ಕೆನ್ನೆಯ ಮೇಲಿನ ನವಿರಿಗೆ ಹತ್ತಿತ್ತು, ಏನೂ ತಿಳಿಯಲಿಲ್ಲ. ರಾಶಿಫಲ ಓದಿದ. ಬೆವರುತ್ತಿದ್ದ. ಅಪ್ಪ ಹೋದ ದಿನವೂ ಹೀಗೇ ಬೆನ್ನಿನ ನಡುವೆ ಬೆವರು ಇಳಿದಿತ್ತು. ಆಸ್ಪತ್ರೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಅಪ್ಪ ಗದಿಗೆಪ್ಪ, ಈ ದೇಶಕ್ಕೆ ಬಂದು ಏಳು ತಿಂಗಳಿಗೆ, ಒಂದು ಮಾತಾಡದೆ ಹೋಗಿದ್ದ. ಡಾಕ್ಟರು ಹೇಳಿದ್ದು ಪ್ರಭುದೇವನಿಗೆ ಅರ್ಧ ತಿಳಿಯಿತು, ಉಳಿದರ್ಧ ಕಾಕಾನ ಮುಖ ನೋಡಿ ತಿಳಿಯಿತು. ಕಾಕಾ ಕಾರಿನಲ್ಲಿ ಹೇಳಿದ: ಮನ್ಯಾಗ ಈಗ ಹೇಳಬ್ಯಾಡ, ವೈನಿಗೆ ಬಿಪಿ ಐತಿ, ನಾ ಎಲ್ಲಾ ವ್ಯವಸ್ಥಾ ಮಾಡಿ ಬರ್ತೀನಿ, ಅಲ್ಲೀತನಕ ಆರಾಮ ಅದಾನ ಅನ್ನು. ಅವನು ಅಂದ. ಆರಾಮ ಅದಾನಬೇ. ಅವ್ವ ಬಸವ್ವ ಉಪ್ಪಿಟ್ಟು ಬಡಿಸಿದಳು, ಅವನು ಉಂಡ, ಅವಳೂ ಉಂಡಳು. ಉಂಡು, ಊರಲ್ಲಿದ್ದ ತಂಗಿ ಪಾರ್ವತೆವ್ವನಿಗೆ ಫೋನು ಹಚ್ಚಿ, ಇಲ್ಲಿಯ ಆಸ್ಪತ್ರೆಯಲ್ಲಿ ಗಂಡಸರಿಗೂ ಹಿಂದೆ ಬಿಚ್ಚಿದ ಅಂಗಿ ಕೊಡುತ್ತಾರೆಂದು ಹೇಳಿ ಹೇಳಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆರು ತಾಸು. ಆಮೇಲೆ ಅವ್ವ ಅತ್ತದ್ದು ಅವನಿಗೆ ಅಷ್ಟು ನೆನಪಿಲ್ಲ. ಅಳುವುದನ್ನು ನಿಲ್ಲಿಸಿ ಒಮ್ಮೆ ಕೇಳಿದ್ದು ನೆನಪಿದೆ: "ನಾ ನಗೂ ಮುಂದ ನೀ ಅಲ್ಲೇ ಕುಂತಿದ್ದೆಲ್ಲೋ?" ಈಗಲೂ ಅವನು ಹೊರಗಿನಿಂದ ಬಂದು ಬಸ್ಸು ತಡವಾಯಿತು ಎಂದರೂ, ಮಳೆ ಬಂತು ಎಂದರೂ, "ಖರೇನ?" ಎಂದು ಕೇಳುತ್ತಾಳೆ. ಮಳೆ ಕಿಟಕಿಯಲ್ಲಿ ಕಾಣುತ್ತಿದ್ದರೂ.

ಕೇಕಿನ ಪುಟ ಬಂತು. ಇದರಿಂದ ಪೀಡೆಯಿಲ್ಲ ಅನ್ನಿಸಿ ಉಸಿರು ಬಿಟ್ಟ. ಏಪ್ರನ್ ಹಾಕಿದ ದಪ್ಪನೆಯ ಹೆಂಗಸು ನಗುತ್ತ ತಟ್ಟೆ ಹಿಡಿದಿದ್ದಾಳೆ, ತಟ್ಟೆಯಲ್ಲಿ ನೇರಳೆ ಬಣ್ಣದ ಹಣ್ಣು ಜೋಡಿಸಿದ ಕೇಕು. ಬಿಳಿ ಕೋಟಿಲ್ಲ, ಕರಿ ಗೆರೆಯಿಲ್ಲ. ತಲೆಬರಹದ ಶಬ್ದ ಒಂದು ಮೊಳ ಉದ್ದ, ಅವನ ಇಷ್ಟದ ಒತ್ತಕ್ಷರದ ಶಬ್ದ: ತ್ಸ್ವೆಚ್ಗೆನ್‌ಕೂಹೆನ್. ಅದನ್ನು ಅವನು ಹಗ್ಗ ಹಾರುವವನಂತೆ ಒಂದೇ ನೆಗೆತಕ್ಕೆ ದಾಟಿದ. ಎರ್ನಾ ತೊಡೆ ತಟ್ಟಿ "ಗೂಟ್!" ಅಂದಳು. ಆ ಮೆಚ್ಚುಗೆಯ ಬಿಸಿಯಲ್ಲೇ ಕೆಳಗಿನ ಸಣ್ಣ ಅಕ್ಷರದ ಸಾಲಿಗೆ ಇಳಿದ. ಯೋಹೆನ್ಸ್ ಲೀಬ್ಲಿಂಗ್ಸ್‌ಕೂಹೆನ್, ಎಂದಿತು ನಾಲಿಗೆ. ಆ ಹೆಸರು ಕಿವಿಗೆ ಬೀಳುವಷ್ಟರಲ್ಲಿ ನಾಲಿಗೆ ಅದನ್ನು ದಾಟಿಹೋಗಿತ್ತು: ನಾಹ್ ದೇಮ್ ರೆತ್ಸೆಪ್ಟ್ ಜೈನರ್ ವಿಟ್ವೆ. ಜೈನರ್ ಎಂಬುದು ಅವನ ಗುಟ್ಟಿನ ತಮಾಷೆ. ಆ ಭಾಷೆಯಲ್ಲಿ 'ಅವನ' ಎನ್ನಲು ಜೈನರ್ ಎನ್ನುತ್ತಾರಂತೆ. ಜೈನರ್ ಫ್ರಾವ್ ಎಂದರೆ ಅವನ ಹೆಂಡತಿ. ಪುಸ್ತಕದ ತುಂಬ ಜೈನರ ಹೆಂಡಿರು. ಓದುವಾಗ ಅದು ಬಂದಾಗಲೆಲ್ಲ ಲಕ್ಕುಂಡಿಯ ಬಸದಿಯ ಮುಂದೆ ಈ ರಾಣಿಯರೆಲ್ಲ ಟೊಪ್ಪಿಗೆ ಹಾಕಿಕೊಂಡು ಸಾಲಾಗಿ ನಿಂತಂತೆ ಕಂಡು ಒಳಗೇ ನಗುತ್ತಿದ್ದ. ಇವತ್ತು ಹೆಂಡತಿಯಲ್ಲ. ಜೈನರ್ ವಿಟ್ವೆ. ವಿಟ್ವೆ ಎಂಬ ಶಬ್ದ ಮೊದಲೂ ಎಷ್ಟೋ ಸಲ ಬಂದಿರಬೇಕು, ಒಂಟಿಯಾಗಿ ಬಂದಾಗ ಅದು ಬರೀ ಅಕ್ಷರ. ಈಗ ಜೈನರ ಬೆನ್ನಿಗೆ ಬಂದು ಅದು ಸೀದಾ ಕನ್ನಡವಾಗಿ ಕಿವಿಯೊಳಗೆ ಕೂತಿತು: ಜೈನರ ವಿಧವೆ. ಆ ಏಪ್ರನ್ನು, ಆ ಕೇಕು, ಜೈನರ ವಿಧವೆ! ಅವನು ಫಕ್ಕನೆ ನಕ್ಕುಬಿಟ್ಟ. ನಕ್ಕು, ಆ ನಗು ಇನ್ನೂ ಬಾಯಲ್ಲಿರುವಾಗಲೇ, ತಾನು ನಕ್ಕಿದ್ದು ಯಾವುದಕ್ಕೆ ಎಂದು ಗೊತ್ತಾಯಿತು: ಅವನ ವಿಧವೆ, ಯೋಹೆನ್‌ನ ವಿಧವೆ. ಒಂದು ವರ್ಷ ಸಾವಿರಗಟ್ಟಲೆ ಶಬ್ದ ಓದಿದವನಿಗೆ ತಾನಾಗಿ ಅರ್ಥವಾದ ಮೊದಲ ಶಬ್ದ. ಅದಕ್ಕೆ ಫೋನು ಬೇಕಾಗಲಿಲ್ಲ.

ಎರ್ನಾಳ ಕೈ ತೊಡೆಯ ಮೇಲೆಯೇ ಇತ್ತು.

"ಯಾಕೆ ನಕ್ಕೆ, ಪ್ರಾಬು?"

"ಏನಿಲ್ಲ, ಮಿಸ್ ಎರ್ನಾ."

"ಮತ್ತೊಮ್ಮೆ ಓದು. ಆ ಸಾಲು."

ಮತ್ತೊಮ್ಮೆ ಓದಪ್ಪ ಧಣಿ. ಸಾಲು ಕಣ್ಣ ಮುಂದೆಯೇ ಇತ್ತು. ಅಕ್ಷರಗಳು ಎಲ್ಲೂ ಹೋಗಿರಲಿಲ್ಲ. ಆಯ್ತವಾರ ಮೊಮ್ಮಕ್ಕಳು ಬರುತ್ತಾರೆ, ಮೂರು ದಿನ ಗಂಜಿ ಒಳಗೆ ಬಿಡಲಿಲ್ಲ, ಫೋಟೋ ನೋಡಲು ಬರುತ್ತದಿಲ್ಲೋ ನಿನಗೆ? ಅವನು ಒಂದೊಂದು ಶಬ್ದವನ್ನೂ ತೂಗಿ ಇಟ್ಟಂತೆ ಓದಿದ: "ನಾಹ್ ದೇಮ್ ರೆತ್ಸೆಪ್ಟ್ ಜೈನರ್... ಫ್ರಾವ್."

ಎರ್ನಾ ಬೇರೇನೂ ಕೇಳಲಿಲ್ಲ. "ಮುಂದೆ," ಅಂದಳು. ಅವನು ಬೆಣ್ಣೆ ಓದಿದ, ಹಿಟ್ಟು ಓದಿದ, ಅಂಕಿಗಳನ್ನು ಎಂದಿನಂತೆ ಇಂಗ್ಲಿಷಿನಲ್ಲಿ ಓದಿದ, ಹಣ್ಣಿನ ಬೀಜ ತೆಗೆದು ಸೀಳಬೇಕು ಎಂಬುದೇ ಇರಬೇಕು, ಅದನ್ನೂ ಓದಿದ. ಅವಳು ತಲೆಯಾಡಿಸುತ್ತ ಕೇಳಿದಳು, ಅಡುಗೆ ಕಲಿಯುವ ಹುಡುಗಿಯ ಹಾಗೆ. ಪುಟ ಮುಗಿಯಿತು. ಗೂಟ್ ಎನ್ನಲಿಲ್ಲ.

"ವೈಶಾಲಿಗೆ ಹೇಳು, ಆ ಫೋನು ಹುಡುಕಿಕೊಡಲಿ," ಅಂದಳು. "ಇನ್ನು ಮೇಲೆ ರೈಲ್ವೆ ಹೆಂಗಸೇ ಓದಲಿ. ಅವಳಿಗೆ ನನ್ನ ಮೇಲೆ ಕನಿಕರ ಇಲ್ಲ."

ಕೋಪವಿರಲಿಲ್ಲ ಆ ಮಾತಿನಲ್ಲಿ. ಕೈಯಾಡಿಸಿ ಅವನ ಮುಂಗೈ ಹುಡುಕಿ ಎರಡು ಸಲ ತಟ್ಟಿದಳು ಕೂಡ. ನಿನ್ನ ತಪ್ಪಲ್ಲ ಎನ್ನುವ ಹಾಗೆ. ಬಾರಿಸಿದ್ದರೆ ವಾಸಿಯಿತ್ತು.

ಅಡುಗೆಮನೆಯಲ್ಲಿ ಕಾಕು ಮಾತ್ರೆಗಳನ್ನು ಪುಟ್ಟ ಬಟ್ಟಲುಗಳಿಗೆ ಹಾಕುತ್ತಿದ್ದಳು. ಅವನ ಮುಖ ನೋಡಿದ್ದೇ ಕೈ ನಿಂತಿತು.

"ಗೊತ್ತಾತೇನು?"

"ಗೊತ್ತಾಗೈತಿ."

"ಏನ್ ಓದಿದ್ಯೋ ಮಾರಾಯಾ? ಫೋಟೋ ಇದ್ದಲ್ಲಿ ಬಿಡು ಅಂದಿದ್ದಿಲ್ಲ ನಾ?"

"ಫೋಟೋ ಇದ್ದಿದ್ದಿಲ್ಲ. ಕೇಕ್ ಇತ್ತು."

"ಕೇಕು!" ಕಾಕು ಬಟ್ಟಲನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಒಂದು ಕೆಲಸ. ಒಂದ ಒಂದು ಕೆಲಸ ಹೇಳಿದ್ದೆ."

"ಸುಳ್ಳು ಹೇಳೂ ಕೆಲಸ ಹೇಳೀದಿ. ಅಪ್ಪ ಹ್ವಾದಾಗೂ ಅದನ ಹಚ್ಚಿದ್ರಿ ನನಗ. ಯಾಕ, ಮನ್ಯಾಗ ಬ್ಯಾರೆ ಯಾರೂ ಸಿಗಲಿಲ್ಲೇನು? ಅವ್ವಗ ಉಪ್ಪಿಟ್ಟು ಉಣ್ಣಿಸಿ, ಫೋನ್‌ನ್ಯಾಗ ನಗಿಸಿ..." ದನಿ ಎಲ್ಲೋ ಮೇಲೆ ಹೋಗಿ ಒಡೆಯಿತು. ಪಕ್ಕದ ಕೋಣೆಯ ಮುದುಕ ಏನೆಂದು ಕೂಗಿದ.

ಕಾಕು ಬೈಯುತ್ತಾಳೆಂದುಕೊಂಡಿದ್ದ. ಅವಳು ಮಾತ್ರೆಯೊಂದನ್ನು ನೆಲದಿಂದ ಆರಿಸಿ, ನೋಡಿ, ಕಸಕ್ಕೆ ಹಾಕಿದಳು.

"ಆ ಆರು ತಾಸು ನಿಮ್ಮವ್ವ ನಕ್ಕಾಳಲ್ಲೋ," ಅಂದಳು ಮೆಲ್ಲಗೆ. "ಆಮ್ಯಾಲ ಆಕಿ ನಕ್ಕಿದ್ದು ನೋಡೀಯೇನು ನೀ? ನಾನಂತೂ ನೋಡಿಲ್ಲ."

ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದುಕೊಂಡಿದ್ದ ಸಿಟ್ಟಿಗೆ ಹೀಗೊಂದು ಮಗ್ಗುಲು ಇದ್ದೀತೆಂದು ಅವನು ಯಾವತ್ತೂ ತಿರುವಿ ನೋಡಿರಲಿಲ್ಲ. ಕಾಕು ಹೇಳಿದ್ದೂ ಖರೆ. ಅವ್ವ ಕೇಳಿದ್ದೂ ಖರೆ. ಎರಡೂ ಖರೆಯಾದರೆ ನಡುವೆ ನಿಂತವನು ಏನು ಮಾಡಬೇಕೆಂದು ಯಾವ ಪುಸ್ತಕದಲ್ಲೂ, ಯಾವ ಬಣ್ಣದ ಅಕ್ಷರದಲ್ಲೂ ಬರೆದಿರುವುದಿಲ್ಲ. ನಲ್ಲಿ ಬಿಟ್ಟು ಮುಖಕ್ಕೆ ನೀರು ಹೊಡೆದುಕೊಂಡ. ಈ ಹೆಂಗಸು ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆ ಮುದುಕಿ ಚೀರಿ ಅತ್ತಿದ್ದರೆ ಎಷ್ಟು ಚೆನ್ನಾಗಿತ್ತು. ಒಬ್ಬರಾದರೂ ಅವನ ಸಿಟ್ಟಿಗೆ ಲಾಯಕ್ಕಾಗಿ ನಡೆದುಕೊಳ್ಳಬಾರದೇ? ಒದ್ದೆ ಮುಖದಲ್ಲೇ ಹೊರಟ.

"ಎಲ್ಲಿಗೆ?" ಎಂದಳು ಕಾಕು.

"ಓದಾಕ."

"ಪ್ರಭ್ಯಾ. ಬ್ಯಾಡ. ಬಾಯಿ ಮುಚ್ಚಿಕೊಂಡಿರು, ರಾಬರ್ಟ್‌ಗೆ ನಾನ ಫೋನ್ ಮಾಡ್ತೀನಿ."

ಅವನು ನಿಲ್ಲಲಿಲ್ಲ. ಕಾಕು ಬಾಗಿಲವರೆಗೆ ಬಂದಳು, ಹೊಸ್ತಿಲು ದಾಟಲಿಲ್ಲ.

ಎರ್ನಾ ಕುರ್ಚಿಯನ್ನು ಬಿಟ್ಟು ಹಾಸಿಗೆಗೆ ಹೋಗಿ, ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಾನೇ ಹೇಗೆ ಎದ್ದು ಹೋದಳೋ. ಚಪ್ಪಲಿ ಒಂದು ಕಾಲಿನಲ್ಲೇ ಇತ್ತು. ಅವನು ಅದನ್ನು ತೆಗೆದಿಟ್ಟ. ಸ್ಟೂಲು ಎಳೆದುಕೊಂಡು ಕೂತು, ಪುಸ್ತಕ ತೆಗೆದು, ಒಟ್ಟಿಗೆ ದಾಟಿಸಿದ್ದ ಎರಡು ಹಾಳೆಗಳನ್ನು ಉಗುರಿನಿಂದ ಬಿಡಿಸಿದ.

"ಕರಿ," ಅಂದ.

ಅವಳು ದಾಟು ಎನ್ನಲಿಲ್ಲ. ಹೊದಿಕೆಯ ಕೆಳಗೆ ಅವಳ ಬೆನ್ನು ಏರಿಳಿಯುವುದು ಮಾತ್ರ ಕಾಣುತ್ತಿತ್ತು. ಅವನು ಕಾದ. ಆಮೇಲೆ ಓದತೊಡಗಿದ. ಮೊದಲ ಸಾಲು, ಎರಡನೆಯ ಸಾಲು. ಯಾವ ಶಬ್ದ ಎಲ್ಲಿ ಕುಯ್ಯುತ್ತದೆಂದು ತಿಳಿಯದೆ, ಕತ್ತಲೆ ಕೋಣೆಯಲ್ಲಿ ಗಾಜಿನ ಸಾಮಾನು ಹೊತ್ತು ನಡೆಯುವವನಂತೆ, ಒಂದೊಂದನ್ನೂ ಮುಟ್ಟಿ ನೋಡಿ ಕೆಳಗಿಟ್ಟಂತೆ ಓದಿದ. ಅವರ ಊರಿನ ಹೆಸರು ಬಂತು. ಬೆನ್ನು ಒಂದು ಗಳಿಗೆ ನಿಂತು ಮತ್ತೆ ಆಡಿತು. ಅಂಕಿ ಬಂದಾಗ ತೊದಲಿ ಇಂಗ್ಲಿಷಿನಲ್ಲಿ ಎಂಬತ್ತಾರು ಎಂದ, ಅದು ಅವನಿಗೆ ತಿಳಿಯಿತು. ಅದರ ಮುಂದಿನ ಶಬ್ದ ಅವನು ಎಂದೂ ಓದದ್ದು, ಒಂದು ವರ್ಷದಿಂದ ಇಬ್ಬರೂ ಸೇರಿ ದಾಟುತ್ತ ಬಂದ ಪುಟಗಳಲ್ಲೇ ಇದ್ದದ್ದು, ತೀರಿಹೋದ ಎಂಬುದೇ ಇರಬೇಕು. ಬರೆದ ಹಾಗೆ ಓದಿದ.

"ಗೆಸ್ಟೋರ್ಬೆನ್."

ಬಾಗಿಲಲ್ಲಿ ಕಾಕು ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಗೋಡೆಯ ಕಡೆಯಿಂದ, ಮೂಗು ಕಟ್ಟಿದ ದನಿಯಲ್ಲಿ, ಸ್ವಲ್ಪ ರೇಗಿಯೇ, ಅವಳು ಅಂದಳು:

"ಷ್ಟ. ಗೆಷ್ಟೋರ್ಬೆನ್."

ಅವನು ಪೆನ್ಸಿಲು ಹುಡುಕಿ ಅಂಚಿನಲ್ಲಿ ಷದ ಕೆಳಗೆ ಟ ಒತ್ತು ಕೊಟ್ಟು ಬರೆದ. ಮತ್ತೆ ಆ ಸಾಲಿನ ಮೊದಲಿನಿಂದ ಸರಿಯಾಗಿ ಓದಿದ.